ಸ್ಟೇಷನ್ ವ್ಯಾಗನ್‌ಗೆ ಹೊರಗಿನ ಚಕ್ರ, ಸಸ್ಪೆನ್ಷನ್ ಹೊಂದಾಣಿಕೆ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ

ಕಂಪನಿಯಿಂದ ಬಂದ ಚಕ್ರಗಳನ್ನು ತೆಗೆಸಿ ಹೊರಗಿನ ಅಲಾಯ್ ಚಕ್ರ ಹಾಕಿಸುವುದು, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿ ಗಾಡಿಯ ಎತ್ತರವನ್ನೂ ಬಿಗಿಯನ್ನೂ ಹೊಂದಿಸುವುದು ಮುಂಬಯಿಯ ಹೊರವಲಯದ ಗ್ಯಾರೇಜುಗಳಲ್ಲಿ ನಿತ್ಯ ನಡೆಯುವ ಕೆಲಸ. ಹ್ಯಾಚ್‌ಬ್ಯಾಕಿಗೂ ಸೆಡಾನಿಗೂ ಸಲ್ಲುವ ಲೆಕ್ಕ ಸ್ಟೇಷನ್ ವ್ಯಾಗನ್‌ಗೆ ಹಾಗೆಯೇ ಸಲ್ಲುವುದಿಲ್ಲ. ವ್ಯಾಗನ್‌ನ ಛಾವಣಿ ಬಾಲದ ತುದಿಯವರೆಗೆ ಚಾಚಿಕೊಂಡಿರುತ್ತದೆ. ಸಾಮಾನು ಹಿಂದಿನ ಆಕ್ಸಲ್‌ನ ಮೇಲೆ ಮಾತ್ರವಲ್ಲ, ಅದರಾಚೆಗೂ ಕೂರುತ್ತದೆ. ಖಾಲಿ ಇದ್ದಾಗ ಒಂದು ಗಾಡಿ, ತುಂಬಿದಾಗ ಇನ್ನೊಂದು. ಆದ್ದರಿಂದ ಇಲ್ಲಿ ಚಕ್ರದ ಅಗಲದಿಂದ ಹಿಡಿದು ಸ್ಪ್ರಿಂಗಿನ ಬಿಗಿಯವರೆಗೆ ಪ್ರತಿಯೊಂದನ್ನೂ ತುಂಬಿದ ಗಾಡಿಯನ್ನು ಎದುರಿಗಿಟ್ಟುಕೊಂಡೇ ತೀರ್ಮಾನಿಸಬೇಕು.

ವಾಹನಗಳು

ಭಾರತದಲ್ಲಿ ಸ್ಟೇಷನ್ ವ್ಯಾಗನ್ ಎಂದೂ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪದ್ಮಿನಿಗೆ ಸಫಾರಿ ಎಂಬ ವ್ಯಾಗನ್ ರೂಪವಿತ್ತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಫಿಯೆಟ್‌ನ ವೀಕೆಂಡ್ ಮತ್ತು ಪಾಲಿಯೊ ಅಡ್ವೆಂಚರ್, ಮಾರುತಿಯ ಬಲೆನೊ ಆಲ್ಟೂರಾ, ಓಪೆಲ್ ಕೋರ್ಸಾ ಸ್ವಿಂಗ್, ಔರಂಗಾಬಾದಿನಲ್ಲಿ ಜೋಡಣೆಯಾದ ಸ್ಕೋಡಾ ಆಕ್ಟೇವಿಯಾದ ಕಾಂಬಿ ಮಾದರಿ ಬಂದು ಹೋದವು. 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾ ಈ ಗುಂಪಿನಲ್ಲಿ ಜನಸಾಮಾನ್ಯರಿಗೆ ಹೆಚ್ಚು ಪರಿಚಿತ. 2017ರಲ್ಲಿ ವೋಲ್ವೊ ವಿ90 ಕ್ರಾಸ್ ಕಂಟ್ರಿ ಬಂದರೂ ಅದರ ಬೆಲೆ ಬೇರೆಯೇ ಲೋಕದ್ದು. ಇವುಗಳಲ್ಲಿ ಹೆಚ್ಚಿನವು ಈಗ ಹೊಸದಾಗಿ ಸಿಗುವುದಿಲ್ಲ. ರಸ್ತೆಯಲ್ಲಿ ಉಳಿದಿರುವ ಗಾಡಿಗಳು ಹಳೆಯವು. ಅವುಗಳ ಸ್ಪ್ರಿಂಗು ಕುಗ್ಗಿದೆ, ಬುಷ್ ಸವೆದಿದೆ, ಕಂಪನಿಯ ಚಕ್ರ ತುಕ್ಕು ತಿಂದಿದೆ. ಆದ್ದರಿಂದ ಚಕ್ರ, ಸಸ್ಪೆನ್ಷನ್‌ಗಳ ಬದಲಾವಣೆ ಹಲವು ಮಾಲೀಕರಿಗೆ ಷೋಕಿಯಲ್ಲ, ಗಾಡಿಯನ್ನು ಉಳಿಸಿಕೊಳ್ಳುವ ದಾರಿ.

ಈ ಪ್ರದೇಶಕ್ಕೂ ಮೋಟಾರು ಉದ್ಯಮಕ್ಕೂ ಹಳೆಯ ನಂಟಿದೆ. ಪ್ರೀಮಿಯರ್ ಕಂಪನಿಯ ಇನ್ನೊಂದು ಕಾರ್ಖಾನೆ ಕಲ್ಯಾಣ–ಶಿಳ್ ರಸ್ತೆಯಲ್ಲಿ, ಡೊಂಬಿವಲಿ ಪೂರ್ವದ ಅಂಚಿನಲ್ಲಿತ್ತು. 1990ರ ದಶಕದಲ್ಲಿ ಪೀಜೊ 309 ಕಾರು ತಯಾರಾದದ್ದು ಅಲ್ಲಿಯೇ. ಕಾರ್ಖಾನೆ ಮುಚ್ಚಿದರೂ ಪ್ರೀಮಿಯರ್ ಕಾಲೊನಿ, ಪ್ರೀಮಿಯರ್ ಮೈದಾನ ಎಂಬ ಹೆಸರುಗಳು ಉಳಿದಿವೆ. ಥಾಣೆಗೆ ಅಂಟಿಕೊಂಡ ಮುಲುಂಡ್‌ನಲ್ಲಿ 1961ರಲ್ಲಿ ಆರಂಭವಾದ ಗೇಬ್ರಿಯಲ್ ಇಂಡಿಯಾ ದೇಶದ ಶಾಕ್ ಅಬ್ಸಾರ್ಬರ್ ತಯಾರಿಕೆಯ ದೊಡ್ಡ ಹೆಸರು. ಅದಕ್ಕೆ ಹೊಂದಿಕೊಂಡ ಭಾಂಡುಪ್‌ನಲ್ಲಿ ಸಿಯೆಟ್ ಟೈರಿನ ಕಾರ್ಖಾನೆ. ಅಲಾಯ್ ಚಕ್ರ ಹುಡುಕಿಕೊಂಡು ಹೋಗುವವರು ಮೊದಲೆಲ್ಲ ಕುರ್ಲಾದ ಸಿಎಸ್‌ಟಿ ರಸ್ತೆಗೋ ಒಪೇರಾ ಹೌಸಿಗೋ ಹೋಗುತ್ತಿದ್ದರು; ಈಗ ಥಾಣೆ, ವಾಶಿ, ಕಲ್ಯಾಣದ ಟೈರು ಅಂಗಡಿಗಳಲ್ಲೇ ಬೇಕಾದಷ್ಟು ಸಿಗುತ್ತವೆ. ಹಳಬರ ಬಾಯಲ್ಲಿ ಅವು ಇಂದಿಗೂ ಮ್ಯಾಗ್‌ವೀಲ್.

ರಸ್ತೆ, ಮಳೆ, ಹೊರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುತ್ತದೆ. ಜವಾಹರಲಾಲ್ ನೆಹರು ಬಂದರಿನಿಂದ ಭಿವಂಡಿಯ ಗೋದಾಮುಗಳಿಗೆ ಹೋಗುವ ಕಂಟೇನರ್ ಲಾರಿಗಳು ಕಳಂಬೊಳಿ, ಶಿಳ್‌ಫಾಟಾ, ಮುಂಬ್ರಾ ಬೈಪಾಸ್ ದಾರಿಯನ್ನು ತುಳಿಯುತ್ತವೆ. ಡಾಂಬರಿನ ಕೆಳಗೆ ನೀರು ಇಳಿದು, ಮೇಲೆ ಲಾರಿಯ ಭಾರ ಬಿದ್ದು ರಸ್ತೆ ಬಾಯಿ ಬಿಡುತ್ತದೆ. ಹೊಂಡಕ್ಕೆ ಪೇವರ್ ಬ್ಲಾಕ್ ತುಂಬಿದರೆ ಅಂಚು ಚೂಪಾಗಿಯೇ ಉಳಿಯುತ್ತದೆ. 2018ರ ಮಳೆಗಾಲದಲ್ಲಿ ಕಲ್ಯಾಣ–ಡೊಂಬಿವಲಿಯ ಹೊಂಡಗಳಿಂದಾಗಿ ದ್ವಿಚಕ್ರ ಸವಾರರು ಪ್ರಾಣ ಕಳೆದುಕೊಂಡರು. ಕಾರಿನವರಿಗೆ ಅದೇ ಹೊಂಡ ರಿಮ್ಮಿನ ಸೀಳು, ಟೈರಿನ ಪಕ್ಕದ ಗುಳ್ಳೆ. ಇನ್ನೊಂದು ಕಡೆ, ವೇಗವಾಗಿ ಓಡಬಹುದಾದ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಿದೆ. 2024ರ ಜನವರಿಯಲ್ಲಿ ತೆರೆದ, 21.8 ಕಿ.ಮೀ. ಉದ್ದದ ಅಟಲ್ ಸೇತುವಿದೆ. ಅಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಬ್ಯಾಲೆನ್ಸಿಂಗ್ ಸರಿಯಿಲ್ಲದ ಚಕ್ರ ಘೋಡ್‌ಬಂದರ್ ರಸ್ತೆಯ ನಿಧಾನ ಸಂಚಾರದಲ್ಲಿ ಸುಳಿವೇ ಕೊಡದೆ, ಸೇತುವೆ ಹತ್ತಿ 80 ದಾಟಿದ ಮೇಲೆ ಸ್ಟೀರಿಂಗ್ ನಡುಗಿಸುತ್ತದೆ. ಒಂದೇ ದಿನ ಈ ಎರಡೂ ಬಗೆಯ ರಸ್ತೆ ಕಾಣುವ ಗಾಡಿಗೆ ಕೇವಲ ವೇಗಕ್ಕಾಗಿ ಅಥವಾ ಕೇವಲ ನೋಟಕ್ಕಾಗಿ ಚಕ್ರ ಆರಿಸುವುದು ತಪ್ಪು.

ಹೊರೆಯ ವಿಷಯದಲ್ಲಿ ಈ ಭಾಗದ ಕನ್ನಡಿಗರ ಬಳಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಶಾಲೆ ನಡೆಸುವಷ್ಟು ದೊಡ್ಡ ಕನ್ನಡ ಸಮುದಾಯವಿದೆ. ಥಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಉಡುಪಿ, ದಕ್ಷಿಣ ಕನ್ನಡದ ಹೋಟೆಲಿನವರಿದ್ದಾರೆ. ನಸುಕಿನಲ್ಲಿ ವಾಶಿಯ ಎಪಿಎಂಸಿಯಿಂದ ಈರುಳ್ಳಿ, ಆಲೂಗಡ್ಡೆ ಮೂಟೆ ಹೊತ್ತು ಬರುವ ವ್ಯಾಗನ್ ಮೇ ತಿಂಗಳಲ್ಲಿ ಮನೆಮಂದಿಯನ್ನೂ ಸೂಟ್‌ಕೇಸುಗಳನ್ನೂ ಹೇರಿಕೊಂಡು ಊರಿಗೆ ಹೊರಡುತ್ತದೆ. ಪನ್ವೆಲ್‌ನಿಂದ ಹಿಡಿಯುವ 66ನೇ ರಾಷ್ಟ್ರೀಯ ಹೆದ್ದಾರಿ, ಕಶೇಡಿ ಘಾಟಿ, ಗೋವೆ, ಕಾರವಾರ ದಾಟಿ ಮಂಗಳೂರಿಗೆ ಒಂಬೈನೂರು ಕಿ.ಮೀ. ಆಸುಪಾಸು. ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನಕಾಯಿ. ವ್ಯಾಗನ್‌ನ ಸಸ್ಪೆನ್ಷನ್ ಹೇಗಿರಬೇಕು ಎಂಬ ಪ್ರಶ್ನೆಗೆ ಈ ಪ್ರಯಾಣಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಲೆಕ್ಕ ಸುಲಭ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2,450 ಮಿ.ಮೀ. ಅಂತರವಿರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 600 ಮಿ.ಮೀ. ಹಿಂದಕ್ಕೆ 100 ಕೆ.ಜಿ. ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಅಲ್ಲ, ಸುಮಾರು 124 ಕೆ.ಜಿ. ಹೆಚ್ಚಿನ 24 ಕೆ.ಜಿ. ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಮುಂದಿನ ಚಕ್ರದಿಂದ ಓಡುವ ಗಾಡಿಯಲ್ಲಿ ಎಳೆಯುವ, ತಿರುಗಿಸುವ, ಹೆಚ್ಚಿನ ಪಾಲು ಬ್ರೇಕ್ ಹಿಡಿಯುವ ಚಕ್ರಗಳೇ ಹಗುರಾಗುತ್ತವೆ. ಭಾರವಾದ ಮೂಟೆಯನ್ನು ಹಿಂಬದಿ ಸೀಟಿನ ಬೆನ್ನಿಗೆ ಒತ್ತಿ ಇಡಬೇಕೆಂದು ಅನುಭವಸ್ಥ ಚಾಲಕರು ಹೇಳುವುದು ಇದಕ್ಕೇ. ಸ್ಪ್ರಿಂಗಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮಾಡಬಹುದಾದ, ಖರ್ಚಿಲ್ಲದ ಹೊಂದಾಣಿಕೆ ಇದು.

ಚಕ್ರದ ಅಳತೆಗಳು

ಚಕ್ರ ಆರಿಸುವಾಗ ಗಿರಾಕಿಯ ಕಣ್ಣು ವಿನ್ಯಾಸದ ಮೇಲಿರುತ್ತದೆ. ಇರಬೇಕಾದದ್ದು ಅದರ ಬೆನ್ನಿನಲ್ಲಿ ಎರಕ ಹೊಯ್ದ ಅಂಕಿಗಳ ಮೇಲೆ. ವ್ಯಾಸ, ಅಗಲ, ಆಫ್‌ಸೆಟ್, ಪಿಸಿಡಿ, ನಡುವಿನ ರಂಧ್ರದ ಅಳತೆ ಇವಿಷ್ಟೂ ಹೊಂದಬೇಕು.

ಪಿಸಿಡಿ ಎಂದರೆ ಬೋಲ್ಟುಗಳು ಕೂರುವ ವೃತ್ತದ ವ್ಯಾಸ. ಇಂಡಿಗೊ ಮರೀನಾ, ಬಲೆನೊ ಆಲ್ಟೂರಾ, ಕೋರ್ಸಾ ಸ್ವಿಂಗ್ ಮೂರೂ 4×100, ಅಂದರೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ಗುಂಡಿ. ಮೊದಲ ಆಕ್ಟೇವಿಯಾ 5×100. ವೋಲ್ವೊ ವಿ90 5×108. ಫಿಯೆಟ್ ಪಾಲಿಯೊದ ಕುಟುಂಬದ್ದು 4×98. ಈ ಎರಡು ಮಿಲಿಮೀಟರಿನ ವ್ಯತ್ಯಾಸವೇ ಅಪಾಯದ ಜಾಗ. ಅಂಗಡಿಗಳಲ್ಲಿ 4×100 ಚಕ್ರ ರಾಶಿಗಟ್ಟಲೆ ಇರುತ್ತದೆ, 4×98 ಅಪರೂಪ. 4×100 ಚಕ್ರವನ್ನು ಫಿಯೆಟ್‌ನ ಹಬ್ ಮೇಲಿಟ್ಟು ಬೋಲ್ಟು ಬಿಗಿದರೆ ಅದು ಕೂತಂತೆಯೇ ಕಾಣುತ್ತದೆ. ಆದರೆ ಪ್ರತಿ ಬೋಲ್ಟೂ ತನ್ನ ಗುಂಡಿಯಲ್ಲಿ ಒಂದು ಮಿ.ಮೀ. ಓರೆಯಾಗಿ ಒತ್ತಿಕೊಂಡಿರುತ್ತದೆ, ಶಂಕುವಿನ ಒಂದು ಪಕ್ಕ ಮಾತ್ರ ಲೋಹಕ್ಕೆ ತಾಗಿರುತ್ತದೆ. ಓಡುತ್ತಾ ಓಡುತ್ತಾ ಅದು ಸಡಿಲವಾಗುತ್ತದೆ. ಅಂಥ ಗಾಡಿಗೆ ಸರಿಯಾದ ಪಿಸಿಡಿಯ ಚಕ್ರ ಸಿಗುವವರೆಗೆ ಕಾಯುವುದು ಒಳಿತು. ಇಲ್ಲವೇ ಕಂಪನಿಯ ಉಕ್ಕಿನ ಚಕ್ರಕ್ಕೆ ಮರಳು ಹೊಡೆಸಿ, ಪೌಡರ್ ಕೋಟಿಂಗ್ ಮಾಡಿಸಿ ಬಳಸುವುದು.

ನಡುವಿನ ರಂಧ್ರವನ್ನೂ ಅಂಗಡಿಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಮಾರುತಿಯ ಹಬ್ 54.1 ಮಿ.ಮೀ., ಓಪೆಲ್‌ನದು 56.6, ಸ್ಕೋಡಾದ್ದು 57.1, ಫಿಯೆಟ್‌ನದು 58.1. ಹೊರಗಿನ ಚಕ್ರಗಳನ್ನು ಹತ್ತಾರು ಗಾಡಿಗಳಿಗೆ ಆಗುವಂತೆ 67 ಅಥವಾ 73 ಮಿ.ಮೀ. ರಂಧ್ರ ಇಟ್ಟು ಎರಕ ಹೊಯ್ಯುತ್ತಾರೆ. ನಡುವೆ ಉಳಿಯುವ ಸಂದಿಗೆ ಹಬ್ ರಿಂಗ್ ಎಂಬ ಬಳೆ ಹಾಕಬೇಕು. ಅದಿಲ್ಲದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ನಡುಕ ಹೋಗುವುದಿಲ್ಲ.

ನಟ್ಟು, ಬೋಲ್ಟುಗಳ ಕಥೆ ಬೇರೆ. ಮಾರುತಿ ಸುಜುಕಿಯ ಸ್ಟಡ್ ಎಂ12×1.25 (ದಪ್ಪ 12 ಮಿ.ಮೀ., ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ.), ಸ್ಕೋಡಾದ ಬೋಲ್ಟು ಎಂ14×1.5. ಸ್ಕೋಡಾದ ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡು. ಹೊರಗಿನ ಚಕ್ರಗಳಲ್ಲಿ ಹೆಚ್ಚಿನವಕ್ಕೆ ಶಂಕುವಿನ ಆಸನ. ಗುಂಡುತಲೆಯ ಬೋಲ್ಟನ್ನು ಶಂಕುವಿನ ಗುಂಡಿಗೆ ಬಿಗಿದರೆ ಗೆರೆಯಷ್ಟು ಅಗಲದಲ್ಲಿ ಮಾತ್ರ ತಾಗುತ್ತದೆ. ತಿರುಪಿನ ನೂಲು (ಥ್ರೆಡ್) ಕನಿಷ್ಠ ಬೋಲ್ಟಿನ ದಪ್ಪದಷ್ಟಾದರೂ ಕಚ್ಚಿರಬೇಕು ಎನ್ನುವುದು ಕಸುಬಿನ ನಿಯಮ. ಎಂ12×1.5 ನೂಲಿನಲ್ಲಿ ಅದು ಪೂರ್ತಿ ಎಂಟು ಸುತ್ತು, ಎಂ12×1.25ರಲ್ಲಿ ಒಂಬತ್ತೂವರೆಗೂ ಮಿಕ್ಕಿ. ನಟ್ಟನ್ನು ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿದರೆ ಸಾಕು, ಗೊತ್ತಾಗುತ್ತದೆ. ಚಕ್ರ ಹೊರಚಾಚಲೆಂದು ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ತುರುಕಿದಾಗ ಮೊದಲು ಕಳೆದುಕೊಳ್ಳುವುದು ಈ ಸುತ್ತುಗಳನ್ನೇ. ಹೊರೆ ಹೊರುವ ವ್ಯಾಗನ್‌ನ ಹಿಂದಿನ ಹಬ್ಬಿಗೆ ಸ್ಪೇಸರ್ ಹಾಕಲೇಬಾರದು.

ಬಲೆನೊದಲ್ಲಿ ಚಕ್ರ ಬಿಗಿಯಲು ನಟ್ಟು. ಫಿಯೆಟ್, ಸ್ಕೋಡಾಗಳಲ್ಲಿ ಬೋಲ್ಟು. ಬೋಲ್ಟಿನ ಗಾಡಿಗೆ ಅಲಾಯ್ ಹಾಕಿಸಿದವರು ಹಳೆಯ ಬೋಲ್ಟುಗಳನ್ನು ಎಸೆಯಬಾರದು. ಸ್ಟೆಪ್ನಿ ಉಕ್ಕಿನದ್ದೇ ಉಳಿದಿರುತ್ತದೆ. ಅಲಾಯ್‌ಗೆ ತಂದ ಉದ್ದ ಬೋಲ್ಟನ್ನು ತೆಳು ಉಕ್ಕಿನ ಚಕ್ರಕ್ಕೆ ಹಾಕಿದರೆ ತುದಿ ಒಳಗೆ ಚಾಚಿ ಡ್ರಮ್ಮಿನ ಭಾಗಗಳಿಗೆ ತಾಗಬಹುದು. ರಾತ್ರಿ ಕಶೇಡಿಯಲ್ಲಿ ಪಂಕ್ಚರ್ ಆದಾಗ ಕೈಗೆ ಬೇಕಾಗುವುದು ಆ ಹಳೆಯ ಬೋಲ್ಟುಗಳೇ.

ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಗೂ ಹಬ್ಬಿಗೆ ತಾಗುವ ಮುಖಕ್ಕೂ ಇರುವ ದೂರ. ಇಟಿ ಎಂಬ ಅಕ್ಷರಗಳ ಮುಂದೆ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಜೆ ಅಕ್ಷರದ ಹಿಂದಿನ ಅಂಕಿ ಇಂಚಿನಲ್ಲಿ ರಿಮ್ಮಿನ ಅಗಲ. 5.5ಜೆ ಇಟಿ 43 ಚಕ್ರ ತೆಗೆದು 6.5ಜೆ ಇಟಿ 38 ಹಾಕಿದರೆ ಹೊರ ಅಂಚು 17.7 ಮಿ.ಮೀ. ಹೊರಗೆ, ಒಳ ಅಂಚು 7.7 ಮಿ.ಮೀ. ಒಳಗೆ ಬರುತ್ತದೆ. ಒಳಗಿನದು ಸ್ಟ್ರಟ್ ಕೊಳವೆಯ ಹತ್ತಿರ, ಹೊರಗಿನದು ಫೆಂಡರಿನ ಮಡಿಕೆಯ ಹತ್ತಿರ. ಆಫ್‌ಸೆಟ್ ಕಡಿಮೆಯಾದಷ್ಟೂ ಬೇರಿಂಗಿನ ಮೇಲೆ ಎಳೆತ ಹೆಚ್ಚು, ಹೊಂಡಕ್ಕೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವ ಗುಣವೂ ಹೆಚ್ಚು. ಖಾಲಿ ವ್ಯಾಗನ್‌ನಲ್ಲಿ ಚೆನ್ನಾಗಿಯೇ ತಿರುಗುವ ಚಕ್ರ ಐದು ಜನ ಕೂತು ಸಾಮಾನು ತುಂಬಿದ ಮೇಲೆ ಫೆಂಡರ್ ಕೆರೆಯುತ್ತದೆ. ಪರೀಕ್ಷೆಗೆ ಟೈರಿನ ಹೊರ ಭುಜಕ್ಕೆ ಸುತ್ತಲೂ ಸೀಮೆಸುಣ್ಣ ಬಳಿದು, ಗಾಡಿಗೆ ಪೂರ್ತಿ ಹೊರೆ ಹಾಕಿ, ಒಂದು ಹಂಪು ದಾಟಿಸಿ ಬರಬೇಕು. ಸೀಮೆಸುಣ್ಣ ಅಳಿಸಿದ ಕಡೆ, ಫೆಂಡರಿನ ಒಳಮಡಿಕೆಯಲ್ಲಿ ಬಿಳಿಗೆರೆ ಬಿದ್ದ ಕಡೆ ಉಜ್ಜುತ್ತಿದೆ ಎಂದರ್ಥ. ಫೆಂಡರಿನ ಮಡಿಕೆಯನ್ನು ಸುತ್ತಿಗೆಯಿಂದ ಬಡಿದು ಮಡಚಿಸುವುದು ಪರಿಹಾರವಲ್ಲ. ಬಣ್ಣ ಬಿರಿದು, ಖಾಡಿಯ (ಸಮುದ್ರದ ಹಿನ್ನೀರಿನ) ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತಗಡು ತೂತಾಗುತ್ತದೆ.

ಟೈರು

ರಿಮ್ಮು ದೊಡ್ಡದಾದಷ್ಟು ಟೈರಿನ ಪಕ್ಕ ಗಿಡ್ಡವಾಗಬೇಕು. ಒಟ್ಟು ವ್ಯಾಸ ಬದಲಾಗಬಾರದು. 175/65 ಆರ್14 ಟೈರಿನ ವ್ಯಾಸ 583 ಮಿ.ಮೀ. 185/55 ಆರ್15ಕ್ಕೆ ಹೋದರೆ 584.5; ವ್ಯತ್ಯಾಸ ಇಲ್ಲವೆನ್ನುವಷ್ಟು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 185/60 ಆರ್15 ಹಾಕಿದರೆ 603, ಶೇ. 3.4 ಹೆಚ್ಚು. ಸ್ಪೀಡೊಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ ಮೂರು ಕಿ.ಮೀ.ಗೂ ಹೆಚ್ಚು ವೇಗದಲ್ಲಿರುತ್ತದೆ. ಹೊರೆ ಹೊತ್ತು ಘಾಟಿ ಹತ್ತುವಾಗ ಗೇರು ಅಷ್ಟರಮಟ್ಟಿಗೆ ಉದ್ದವಾಗಿ ಎಂಜಿನ್ ಉಸಿರುಗಟ್ಟುತ್ತದೆ. ಆಕ್ಟೇವಿಯಾದಲ್ಲಿ 195/65 ಆರ್15, 205/55 ಆರ್16, 225/45 ಆರ್17 ಮೂರೂ 632ರಿಂದ 635 ಮಿ.ಮೀ. ಒಳಗೇ ಬರುತ್ತವೆ, ಯುರೋಪಿನ ಕಂಪನಿಗಳು ಒಂದೇ ಗಾಡಿಗೆ ಹಲವು ಅಳತೆ ಒಪ್ಪುವುದು ಈ ಲೆಕ್ಕದ ಮೇಲೆ.

ವ್ಯಾಸ ಸರಿಹೋದರೂ ಹೊಂಡದ ಲೆಕ್ಕ ಉಳಿಯುತ್ತದೆ. 175/65ರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 114 ಮಿ.ಮೀ. ರಬ್ಬರ್ ಮತ್ತು ಗಾಳಿ ಇರುತ್ತದೆ, 185/55ರಲ್ಲಿ 102, 195/50ರಲ್ಲಿ 97.5. ಮುಂಬ್ರಾ ಬೈಪಾಸಿನ ಚೂಪು ಅಂಚಿಗೆ ತುಂಬಿದ ಗಾಡಿಯ ಹಿಂಚಕ್ರ ಬಿದ್ದಾಗ ಈ ಹದಿನಾರು ಮಿಲಿಮೀಟರ್‌ಗಳಲ್ಲೇ ರಿಮ್ಮು ಉಳಿಯುವುದೋ ಒಡೆಯುವುದೋ ತೀರ್ಮಾನವಾಗುತ್ತದೆ. ಈ ನಾಲ್ಕು ಊರುಗಳ ರಸ್ತೆಗೆ ಒಂದು ಇಂಚು ಏರಿಸುವುದೇ ಮಿತಿ ಎಂಬುದು ಈ ಲೇಖನದ ಅಭಿಪ್ರಾಯ.

ಟೈರಿನ ಪಕ್ಕದಲ್ಲಿ ಅಳತೆಯ ನಂತರ ಬರೆದಿರುವ ಲೋಡ್ ಇಂಡೆಕ್ಸ್ ವ್ಯಾಗನ್‌ನವರು ಮೊದಲು ಓದಬೇಕಾದ ಅಂಕಿ. 82 ಎಂದರೆ ಒಂದು ಟೈರು ಹೊರಬಲ್ಲದ್ದು 475 ಕೆ.ಜಿ., 84 ಎಂದರೆ 500, 88 ಎಂದರೆ 560, 91 ಎಂದರೆ 615. ಕಂಪನಿ ಕೊಟ್ಟ ಅಂಕಿಗಿಂತ ಕೆಳಗೆ ಇಳಿಯಬಾರದು. ಗಾಳಿಯ ಒತ್ತಡವೂ ಅಷ್ಟೇ: ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಪೂರ್ಣ ಹೊರೆಗೆ ಬೇರೆ ಅಂಕಿ ಇರುತ್ತದೆ, ಅದು ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಹೆಚ್ಚು. ಊರಿಗೆ ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ತುಂಬಿಸಬೇಕು. ಟೈರಿನ ವಯಸ್ಸನ್ನು ನಾಲ್ಕು ಅಂಕಿ ಹೇಳುತ್ತವೆ. 2324 ಎಂದಿದ್ದರೆ 2024ರ 23ನೇ ವಾರ. ಹೊಸದೆಂದು ಕೊಟ್ಟ ಟೈರು ಗೋದಾಮಿನಲ್ಲಿ ಎಷ್ಟು ಕಾಲ ಕೂತಿತ್ತು ಎಂದು ಅಲ್ಲೇ ನೋಡಿ ತಿಳಿಯಬಹುದು. ಸವೆತದ ಮಿತಿ ಕಾನೂನಿನಂತೆ 1.6 ಮಿ.ಮೀ.; ಇಲ್ಲಿಯ ಮಳೆಗೆ ಅದು ಸಾಲದು, 3 ಮಿ.ಮೀ.ಗೇ ಬದಲಿಸುವುದು ಲೇಸು.

ಅಲಾಯ್‌ನ ಲೋಹ

ಅಲಾಯ್ ಚಕ್ರ ಉಕ್ಕಿಗಿಂತ ಹಗುರ ಎಂಬ ಮಾತು ಎಲ್ಲ ಚಕ್ರಕ್ಕೂ ನಿಜವಲ್ಲ. ಅಗ್ಗದ, ದಪ್ಪ ಎರಕದ 15 ಇಂಚಿನ ಅಲಾಯ್ ಕಂಪನಿಯ 14 ಇಂಚಿನ ಉಕ್ಕಿನ ಚಕ್ರದಷ್ಟೇ ಅಥವಾ ಅದಕ್ಕಿಂತ ಹೆಚ್ಚು ತೂಗಬಹುದು. ಕೊಳ್ಳುವ ಮೊದಲು ತಕ್ಕಡಿಗೆ ಹಾಕಿಸಿ ನೋಡುವುದರಲ್ಲಿ ಸಂಕೋಚ ಬೇಡ. ಚಕ್ರದ ಮೇಲೆ ಐಎಸ್ 16192 ಗುರುತು ಇದೆಯೇ, ಗರಿಷ್ಠ ಹೊರೆಯ ಅಂಕಿ ಇದೆಯೇ ನೋಡಬೇಕು. ಆಮದಾದವುಗಳಲ್ಲಿ ಜಪಾನಿನ ಜೆಡಬ್ಲ್ಯುಎಲ್ ಗುರುತು ಇರುತ್ತದೆ.

ಉಕ್ಕು ಪೆಟ್ಟಿಗೆ ಬಾಗುತ್ತದೆ, ಅಲಾಯ್ ಬಾಗಿ ಬಿರಿಯುತ್ತದೆ. ಬಾಗಿದ ಅಲಾಯ್‌ಗೆ ಗ್ಯಾಸ್ ಉರಿ ತೋರಿಸಿ, ಬಡಿದು ದುಂಡಗೆ ಮಾಡಿಕೊಡುವ ಅಂಗಡಿಗಳು ಈ ನಾಲ್ಕೂ ಊರಿನಲ್ಲಿವೆ. ಇದನ್ನು ಸ್ಪಷ್ಟವಾಗಿ ವಿರೋಧಿಸಬೇಕು. ಚಕ್ರದ ಅಲ್ಯೂಮಿನಿಯಂ ಎರಕಕ್ಕೆ ಬಲ ಬರುವುದು ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ 155 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದಗೊಳಿಸುವುದರಿಂದ. ಉರಿಯ ನಾಲಿಗೆ ತಾಗಿದ ಜಾಗದಲ್ಲಿ ಆ ಹದವೆಲ್ಲ ಕರಗಿ ಲೋಹ ಮೆತ್ತಗಾಗುತ್ತದೆ. ಮೇಲೆ ಬಣ್ಣ ಹೊಡೆದರೆ ಕಣ್ಣಿಗೆ ಹೊಸ ಚಕ್ರ. ಅದೇ ಚಕ್ರ ತುಂಬಿದ ವ್ಯಾಗನ್‌ನ ಕೆಳಗೆ ಘಾಟಿಯ ತಿರುವಿನಲ್ಲಿ ಏನಾದೀತೆಂದು ಹೇಳಬೇಕಾಗಿಲ್ಲ. ಅಂಚು ಸ್ವಲ್ಪ ಬಾಗಿದ್ದನ್ನು ಉರಿಯಿಲ್ಲದೆ ಹೈಡ್ರಾಲಿಕ್ ಯಂತ್ರದಲ್ಲಿ ಸರಿಪಡಿಸುವುದು ಒಪ್ಪತಕ್ಕದ್ದು. ಕಡ್ಡಿಗಳ ಬುಡದಲ್ಲಿ ಬಿರುಕು ಕಂಡ ಚಕ್ರ ಗುಜರಿಗೆ ಹೋಗಲಿ.

ಖಾಡಿಯ ಪಕ್ಕದ ಊರುಗಳಲ್ಲಿ ಇನ್ನೊಂದು ತೊಂದರೆ ಉಂಟು. ಅಲ್ಯೂಮಿನಿಯಂ ಚಕ್ರ ಉಕ್ಕಿನ ಹಬ್ಬಿಗೆ ತಾಗಿ, ಉಪ್ಪು ತೇವ ಸೇರಿ, ಎರಡೂ ಅಂಟಿಕೊಳ್ಳುತ್ತವೆ. ನಟ್ಟು ಬಿಚ್ಚಿದರೂ ಚಕ್ರ ಬರುವುದಿಲ್ಲ. ಚಕ್ರ ಹಾಕುವಾಗಲೇ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಅಂಟುವಿಕೆ ತಡೆಯುವ ಪೇಸ್ಟನ್ನು ನಡು ರಂಧ್ರದ ಅಂಚಿಗೆ ತೆಳ್ಳಗೆ ಬಳಿಯಬೇಕು. ನೂಲಿಗೆ ಬಳಿಯಬಾರದು, ಬಳಿದರೆ ಟಾರ್ಕ್ ರೆಂಚಿನ ಅಳತೆ ತಪ್ಪಿ ಬೋಲ್ಟು ಅತಿಯಾಗಿ ಬಿಗಿಯುತ್ತದೆ.

ಸಸ್ಪೆನ್ಷನ್

ಹಳೆಯ ಪದ್ಮಿನಿಯ ಹಿಂಬದಿಯಲ್ಲಿ ಇದ್ದದ್ದು ಪಟ್ಟಿ ಸ್ಪ್ರಿಂಗು, ಗ್ಯಾರೇಜಿನ ಮಾತಿನಲ್ಲಿ ಕಮಾನಿ. ಕುಗ್ಗಿದರೆ ಪಟ್ಟಿಗಳನ್ನು ಮತ್ತೆ ಬಾಗಿಸಿಯೋ ಇನ್ನೊಂದು ಪಟ್ಟಿ ಸೇರಿಸಿಯೋ ಎತ್ತರಿಸುತ್ತಿದ್ದರು. ಲಾರಿಯ ಕಮಾನಿ ಕೆಲಸದವರಿಗೆ ಅದು ಎಡಗೈ ಕೆಲಸ. ಮರೀನಾ, ಆಲ್ಟೂರಾಗಳ ಹಿಂದೆ ಸ್ವತಂತ್ರ ಸ್ಟ್ರಟ್‌ಗಳಿವೆ. ಮುಂದಿನ ಚಕ್ರದಿಂದ ಓಡುವ ಆಕ್ಟೇವಿಯಾದ ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ತಿರುಚು ತೊಲೆ. ಇವುಗಳಲ್ಲಿ ಸ್ಪ್ರಿಂಗು ಸುರುಳಿ ರೂಪದ್ದು.

ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣ, ಕೆಲಸ ಮಾಡುವ ಸುರುಳಿಗಳ ಸಂಖ್ಯೆಗೆ ವಿಲೋಮ. 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ತಂತಿಯ ಸ್ಪ್ರಿಂಗು ಹಾಕಿದರೆ ಬಿಗಿ ಶೇ. 38ರಷ್ಟು ಏರುತ್ತದೆ. ಗಾಡಿ ತಗ್ಗಿಸಲು ಆರು ಸುರುಳಿಯ ಸ್ಪ್ರಿಂಗಿನಲ್ಲಿ ಒಂದನ್ನು ಗ್ರೈಂಡರಿನಿಂದ ಕತ್ತರಿಸಿದರೆ ಎತ್ತರ ಇಳಿಯುವುದರ ಜೊತೆಗೆ ಬಿಗಿ ಶೇ. 20 ಹೆಚ್ಚುತ್ತದೆ, ಕತ್ತರಿಸಿದ ತುದಿ ಆಸನದಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ನೆಲ ಬಿಟ್ಟು ಜೋತಾಗ ಸ್ಪ್ರಿಂಗು ಜಾಗ ತಪ್ಪಲೂಬಹುದು. ವ್ಯಾಗನ್‌ನ ಹಿಂದಿನ ಸ್ಪ್ರಿಂಗು ಕತ್ತರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ ಹಂಪಿನ ಎತ್ತರ 10 ಸೆಂ.ಮೀ., ಉದ್ದ 3.7 ಮೀಟರ್. ಇಲ್ಲಿಯ ಹೌಸಿಂಗ್ ಸೊಸೈಟಿಗಳ ಗೇಟಿನ ಮುಂದಿನ ದಿಬ್ಬಗಳು ಈ ನಿಯಮವನ್ನು ಕಂಡವಲ್ಲ. ತಗ್ಗಿಸಿದ, ತುಂಬಿದ ವ್ಯಾಗನ್ ಅವುಗಳ ಮೇಲೆ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು.

ಹಿಂಭಾಗ ಕುಸಿಯುವುದಕ್ಕೆ ಅಂಗಡಿಯಲ್ಲಿ ಮೊದಲು ತೋರಿಸುವ ಮದ್ದು ಬಫರ್: ಸುರುಳಿಗಳ ಸಂದಿಗೆ ಸೇರಿಸುವ ರಬ್ಬರ್ ಅಥವಾ ಪಾಲಿಯುರೆಥೇನ್ ಉಂಗುರ. ಅಗ್ಗ, ಅರ್ಧ ಗಂಟೆಯ ಕೆಲಸ, ಗಾಡಿ ಕೂಡಲೇ ಎದ್ದು ನಿಲ್ಲುತ್ತದೆ. ಆದರೆ ಅದು ಎರಡು ಸುರುಳಿಗಳನ್ನು ಕಟ್ಟಿಹಾಕುತ್ತದೆ; ದುಡಿಮೆಯೆಲ್ಲ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಅದರಡಿ ಕೆಸರು ಕೂತು ಸ್ಪ್ರಿಂಗಿನ ಬಣ್ಣ ಕಿತ್ತು ತುಕ್ಕು ಹಿಡಿಯುತ್ತದೆ. ಮುರಿದರೆ ಅಲ್ಲೇ ಮುರಿಯುತ್ತದೆ. ವರ್ಷಕ್ಕೊಂದೆರಡು ಪ್ರಯಾಣಕ್ಕೆ ಹಾಕಿ ತೆಗೆಯುವುದಾದರೆ ಸರಿ. ದಿನವೂ ಹೊರೆ ಹೊರುವ ಗಾಡಿಗೆ ಕಂಪನಿಯದೇ ಹೊಸ ಸ್ಪ್ರಿಂಗು ಜೋಡಿಯಾಗಿ ಹಾಕಿಸುವುದೇ ಮೇಲು. ಇಪ್ಪತ್ತು ವರ್ಷ ಹಳೆಯ ಸ್ಪ್ರಿಂಗು ಕಳೆದುಕೊಂಡ ಎತ್ತರ ಅದರಿಂದಲೇ ಮರಳುತ್ತದೆ. ಸುರುಳಿಯೊಳಗೆ ಕೂರುವ ಗಾಳಿಚೀಲಗಳೂ ಇವೆ. ಹೊರೆ ಇದ್ದಾಗ ಗಾಳಿ ತುಂಬಿಸಿ, ಇಲ್ಲದಾಗ ಇಳಿಸಬಹುದು; ವ್ಯಾಗನ್‌ನ ಎರಡು ಮುಖಗಳಿಗೂ ಹೊಂದುವುದು ಅದೊಂದೇ. ಹೊರದೇಶಗಳಲ್ಲಿ ಈ ತೊಡಕನ್ನು ಕಾರ್ಖಾನೆಯಲ್ಲೇ ಬಿಡಿಸಿದರು. 1958ರ ಸಿಟ್ರೊಯೆನ್ ಐಡಿ ಬ್ರೇಕ್ ವ್ಯಾಗನ್ ಎಷ್ಟು ಹೊರೆ ಹಾಕಿದರೂ ಎಣ್ಣೆ ಮತ್ತು ಅನಿಲದ ಒತ್ತಡದಿಂದ ತನ್ನ ಎತ್ತರವನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು.

ಸ್ಪ್ರಿಂಗು ಬಿಗಿಯಾದರೆ ಅದನ್ನು ಹಿಡಿದು ನಿಲ್ಲಿಸುವ ಶಾಕ್ ಅಬ್ಸಾರ್ಬರಿಗೂ ಅಷ್ಟೇ ಬಲ ಬೇಕು. ಬಿಗಿ ಸ್ಪ್ರಿಂಗಿಗೆ ಸುಸ್ತಾದ ಶಾಕ್ ಜೊತೆಯಾದರೆ ಹಿಂಭಾಗ ಹಂಪಿನ ನಂತರವೂ ಕುಣಿಯುತ್ತಲೇ ಇರುತ್ತದೆ. ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟಾಗ ಒಂದೂವರೆ ತೂಗಾಟದಲ್ಲಿ ನಿಲ್ಲಬೇಕು; ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಪರೀಕ್ಷೆಯೇ ಬೇಡ, ಜೋಡಿಯನ್ನು ಬದಲಿಸಬೇಕು. ಎತ್ತರವನ್ನು ನೂಲಿನ ಮೇಲೆ ಏರಿಳಿಸುವ ಕಾಯಿಲೋವರ್‌ಗಳನ್ನು ರೇಸಿನ ಆಸಕ್ತರು ತರಿಸುತ್ತಾರೆ. ಇಲ್ಲಿಯ ಕೆಸರಿಗೆ ಆ ನೂಲು ಬೇಗ ಹಿಡಿದುಕೊಳ್ಳುತ್ತದೆ. ಅವುಗಳ ಗಿಡ್ಡ ಓಟ ತುಂಬಿದ ವ್ಯಾಗನ್‌ಗೆ ಸಾಲದು.

ಬಾಲ ಇಳಿದ ಗಾಡಿಯ ದೀಪಗಳು ಎದುರಿನವರ ಕಣ್ಣಿಗೆ ಬೀಳುತ್ತವೆ. ಲೋ ಬೀಮ್ ಸಾಮಾನ್ಯವಾಗಿ ಹತ್ತು ಮೀಟರಿಗೆ ಹತ್ತು ಸೆಂ.ಮೀ. ಕೆಳಮುಖ. 2,450 ಮಿ.ಮೀ. ಆಕ್ಸಲ್ ಅಂತರದ ಗಾಡಿಯ ಹಿಂಭಾಗ 40 ಮಿ.ಮೀ. ಕುಸಿದರೆ ಮೂಗು ಹತ್ತು ಮೀಟರಿಗೆ 16 ಸೆಂ.ಮೀ. ಮೇಲೇಳುತ್ತದೆ. ಕೆಳಗೆ ಬೀಳಬೇಕಾದ ಬೆಳಕು 25 ಮೀಟರ್ ದೂರದಲ್ಲಿ ದೀಪದ ಮಟ್ಟಕ್ಕಿಂತ 15 ಸೆಂ.ಮೀ. ಮೇಲಿರುತ್ತದೆ. ಸ್ಟೀರಿಂಗ್ ಪಕ್ಕದಲ್ಲಿ 0ರಿಂದ 3ರವರೆಗಿನ ಗುಂಡಿ ಇರುವುದು ಇದಕ್ಕೇ. ಹಲವರು ಅದನ್ನು ಮುಟ್ಟಿಯೇ ಇರುವುದಿಲ್ಲ.

ಅಲೈನ್‌ಮೆಂಟ್

ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ), ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಬದಲಾಗುತ್ತವೆ. ಸ್ಪ್ರಿಂಗು ಬದಲಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸದೆ, ಗಾಡಿ ಒಂದೆರಡು ನೂರು ಕಿ.ಮೀ. ಓಡಿ ಸ್ಪ್ರಿಂಗು ಕೂತ ಮೇಲೆ ಮಾಡಿಸಬೇಕು. ಹಿಂದೆ ಸ್ವತಂತ್ರ ಸ್ಟ್ರಟ್ ಇರುವ ಮರೀನಾದಂಥ ಗಾಡಿಯಲ್ಲಿ ನಾಲ್ಕೂ ಚಕ್ರ ಅಳೆಯುವುದು ಕಡ್ಡಾಯ. ಅಂಗಡಿಯವರು ಮುಂದಿನೆರಡನ್ನು ಮಾತ್ರ ಸರಿಪಡಿಸಿ ಕಳಿಸಿದರೆ ಹಿಂದಿನ ಟೈರಿನ ಒಳ ಅಂಚು ಸದ್ದಿಲ್ಲದೆ ಗರಗಸದಂತೆ ಸವೆಯುತ್ತದೆ. ತಿರುಚು ತೊಲೆಯ ಗಾಡಿಯಲ್ಲಿ ಹಿಂಬದಿ ತಿರುಗಿಸಲು ತಿರುಪೇ ಇಲ್ಲ. ಅಳತೆ ತಪ್ಪಿದ್ದರೆ ತೊಲೆ ಬಾಗಿದೆ ಅಥವಾ ಬುಷ್ ಹೋಗಿದೆ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಬೇಕು.

ಕಾನೂನು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿನ್ಯಾಸ ಮೀರಿದ ಬದಲಾವಣೆ ಸಲ್ಲದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ ನಿಯಮಬಾಹಿರ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಬದಲಾವಣೆ ಒಂದಕ್ಕೆ 5,000 ರೂ. ದಂಡ, ಅಥವಾ ಎರಡೂ. ಅದೇ ಮಾದರಿಯ ಮೇಲಿನ ದರ್ಜೆಗೆ ಕಂಪನಿಯೇ ಕೊಟ್ಟ ಚಕ್ರ, ಟೈರಿನ ಅಳತೆಗೆ ಹೋಗುವುದು ಸುರಕ್ಷಿತ. ಫೆಂಡರಿನಿಂದ ಹೊರಗೆ ಚಾಚಿದ ಚಕ್ರ, ತಗ್ಗಿಸಿದ ಅಥವಾ ಎತ್ತರಿಸಿದ ಗಾಡಿ ಪೊಲೀಸರ ಕಣ್ಣಿಗೆ ಬೀಳುವ ಮೊದಲನೆಯವು. ಈ ವ್ಯಾಗನ್‌ಗಳಲ್ಲಿ ಹೆಚ್ಚಿನವು 15 ವರ್ಷ ದಾಟಿರುವುದರಿಂದ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಥಾಣೆ, ಕಲ್ಯಾಣ ಅಥವಾ ನವಿ ಮುಂಬಯಿಯ ಆರ್‌ಟಿಒದಲ್ಲಿ ತಪಾಸಣೆಗೆ ನಿಲ್ಲಬೇಕು. ಕಂಪನಿಯ ಚಕ್ರಗಳನ್ನು ಮಾರದೆ ಇಟ್ಟುಕೊಳ್ಳಲು ಅದೂ ಒಂದು ಕಾರಣ. ವಿಮೆ ಕಂಪನಿಗೆ ಬಿಲ್ಲಿನ ಸಮೇತ ಬರಹದಲ್ಲಿ ತಿಳಿಸದಿದ್ದರೆ ಅಪಘಾತದ ನಂತರ ಕ್ಲೇಮು ತಿರಸ್ಕಾರವಾಗುವ ಸಂಭವವಿದೆ.

ಹೊಸ ಚಕ್ರ ಹಾಕಿಸಿದವರಲ್ಲಿ ಒಂದು ವಿನಂತಿ. ಗಾಳಿಯ ಗನ್ನಿನಿಂದ ಬಿಗಿದ ನಟ್ಟನ್ನು ನಂಬಬೇಡಿ. ಗಾಡಿಯ ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ ಬಿಗಿ ಮಾಡಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ. ಊರಿನ ದಾರಿ ಹಿಡಿಯುವುದು ಅದಾದ ನಂತರವೇ ಇರಲಿ.